ಊಟದ ಹೊತ್ತಿನ ಗುಮ್ಮ

ಅಮೆರಿಕದ ಸನ್ನಿವೇಲಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದ ಹನುಮಂತರಾಜುವಿನ ಗಂಟಲು ಮಂಡ್ಯದ ಕಡೆಯದು. ಕಬ್ಬಿನ ಗದ್ದೆಯ ಈ ಬದುವಿನಲ್ಲಿ ಬೈದರೆ ಆ ಬದುವಿನವನು ತಲೆ ತಗ್ಗಿಸಬೇಕು, ಅಂಥ ಗಂಟಲು. ಹೋಟೆಲಿನಲ್ಲಿ ಅದಕ್ಕೆ ಬೀಗ ಬಿದ್ದಿತ್ತು. ಡಾಟ್‌ಕಾಂ ಹುಡುಗರು ಮಸಾಲೆ ದೋಸೆ ಮುಂದಿಟ್ಟುಕೊಂಡು ಸೆಲ್‌ಫೋನಿನಲ್ಲೇ ಕಂಪನಿ ಕಟ್ಟುತ್ತಿದ್ದ ಕಾಲ ಅದು. "ಕಿಚನ್ನಿಂದ ಒಂದ್ ಸದ್ದೂ ಬರಬಾರದು ಕಣಯ್ಯ" ಎಂದು ಮಾಲೀಕ ಕಟ್ಟಪ್ಪಣೆ ಮಾಡಿದ್ದ. ಹಿಟ್ಟು ಹುಳಿ ಬಂದರೂ ಸೌಟು ಕಾಣದಿದ್ದರೂ ರಾಜು ಸಿಟ್ಟು ನುಂಗಬೇಕು. ನುಂಗಿದ ಸಿಟ್ಟು ಎಲ್ಲಿಗೆ ಹೋಗಬೇಕು?

ದಾರಿ ತೋರಿಸಿದವಳು ಅವನ ಅಪಾರ್ಟ್‌ಮೆಂಟಿನ ಮೇಲಿನ ಮನೆಯ ಸತ್ಯವತಿ. ಅವಳ ಮಗಳು ಇಂಚರಾ, ನಾಲ್ಕು ವರ್ಷದ್ದು, ತುತ್ತನ್ನು ಕೆನ್ನೆಯಲ್ಲಿಟ್ಟುಕೊಂಡು ಗಂಟೆಗಟ್ಟಲೆ ಕೂರುವ ಮಹಾತಾಯಿ. ಒಂದು ರಜೆಯ ದಿನ ರಾಜು ಕೊಳೆತ ಬದನೆಕಾಯಿಯ ವಿಚಾರವಾಗಿ ತರಕಾರಿಯವನಿಗೆ ಫೋನಿನಲ್ಲಿ ಬುದ್ಧಿ ಹೇಳುತ್ತಿದ್ದಾಗ, ಆ ಅಬ್ಬರಕ್ಕೆ ಮೇಲೆ ಮಗು ತುತ್ತನ್ನು ಗುಳಕ್ಕನೆ ನುಂಗಿಬಿಟ್ಟಿತು. ಸತ್ಯವತಿ ಕೆಳಗೆ ಓಡಿಬಂದಳು.

"ರಾಜಣ್ಣ, ದಿನಾ ಸಂಜೆ ನೀವು ಮನೆಗೆ ಬಂದ್ಮೇಲೆ ಫೋನ್ ಮಾಡಿ ಸ್ಪೀಕರ್ ಹಾಕ್ತೀನಿ. ಗುಮ್ಮನ ಥರ ಒಂದ್ಸಲ ಕೂಗಿಬಿಡಿ, ಪ್ಲೀಸ್."

"ಅದಕ್ಕೇನ್ ತಾಯಿ, ಪುಣ್ಯದ ಕೆಲ್ಸ!"

ಅಂದಿನಿಂದ ಶುರು. "ಯಾವಳೇ ಅದು ಉಣ್ದೆ ಕೂತಿರೋಳು? ಬಂದೆ ಅಂದ್ರೆ ತಟ್ಟೆ ಸಮೇತ ನುಂಗ್ಬುಡ್ತೀನಿ!" ಆ ಕಡೆ "ಅಯ್ಯೋ ಗುಮ್ಮಾ!" ಎಂಬ ಕಿರುಚು, ಹಿಂದೆಯೇ ಅಗಿಯುವ ಸದ್ದು. ರಾಜುವಿನ ಎದೆ ತಣ್ಣಗಾಗುತ್ತಿತ್ತು. ಅಮೆರಿಕದಲ್ಲಿ ತನಗೆ ಹೆದರುವ ಜೀವ ಒಂದಾದರೂ ಇದೆಯಲ್ಲ!

ಇದೇ ಸತ್ಯವತಿ ಲೈಬ್ರರಿಯಿಂದ ತರುತ್ತಿದ್ದ ಕಥೆಪುಸ್ತಕಗಳನ್ನು ನೋಡಬೇಕಿತ್ತು. ಅವುಗಳಲ್ಲಿ ರಾಕ್ಷಸ ಹಲ್ಲುಜ್ಜುತ್ತಿದ್ದ, ಆಟದ ಸಾಮಾನು ಹಂಚಿಕೊಳ್ಳುತ್ತಿದ್ದ, ಕತ್ತಲೆಗೆ ಹೆದರಿ ಅಮ್ಮನ ಮಗ್ಗುಲಲ್ಲಿ ಮಲಗುತ್ತಿದ್ದ. "ಮಕ್ಕಳ ಮನಸ್ಸು ಹೂವು ರಾಜಣ್ಣ, ಹೆದರಿಸಲೇಬಾರದು" ಎಂದು ಓದಿ ಹೇಳಿದವಳೇ ಸಂಜೆಯಾದರೆ ತಪ್ಪದೆ ಫೋನ್ ಮಾಡುತ್ತಿದ್ದಳು. "ಥೂ, ರಾಕ್ಷಸ್ರ ಮಾನ ಕಳೆದ್ರಲ್ಲ" ಎಂದು ರಾಜು ಪುಸ್ತಕ ಮಗುಚಿ ಹಾಕಿದ್ದ.

ಒಂದು ದಿನ ಡೇಕೇರಿನಲ್ಲಿ ರಾಕ್ಷಸನ ಚಿತ್ರ ಬರೆಯಿರಿ ಎಂದರು. ಉಳಿದ ಮಕ್ಕಳ ರಾಕ್ಷಸರೆಲ್ಲ ಗುಲಾಬಿ ಬಣ್ಣದಲ್ಲಿ ನಗುತ್ತಿದ್ದರು. ಇಂಚರಾಳ ರಾಕ್ಷಸನಿಗೆ ಪೊರಕೆ ಮೀಸೆ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸೌಟು, ಹೊಟ್ಟೆಯ ಮೇಲೆ ಹೋಟೆಲಿನ ಹಳದಿ ಏಪ್ರನ್. ಟೀಚರಮ್ಮ ಸತ್ಯವತಿಯನ್ನು ಕರೆಸಿ ಇದು ಯಾರೆಂದು ಕೇಳಿದರು; ಕೆಳಗಿನ ಮನೆಯವರು, ಊಟದ ಹೊತ್ತಿಗೆ ಫೋನಿನಲ್ಲಿ ಗುಮ್ಮನಾಗಿ ಕೂಗುವವರು ಎಂದು ಅವಳು ಒಪ್ಪಿಕೊಂಡಳು. ಈ ಮನುಷ್ಯನನ್ನು ಕರೆತನ್ನಿ, ಮಗು ನಿಜಕ್ಕೂ ಹೆದರಿದ್ದರೆ ನಾನು ಮಕ್ಕಳ ರಕ್ಷಣೆಯ ಸರ್ಕಾರಿ ಇಲಾಖೆಗೆ ತಿಳಿಸಬೇಕಾಗುತ್ತದೆ ಎಂದರು.

"ರಾಜಣ್ಣ, ಬಂದು ಸ್ವಲ್ಪ ನಕ್ಕುಬಿಡಿ. ಅವಳು ಭಯ ಇಲ್ಲ ಅಂದ್ರೆ ಸಾಕು."

"ಭಯ ಇಲ್ವಾ?" ರಾಜುವಿನ ಮುಖ ಕೆಂಡವಾಯಿತು. "ಮತ್ತೆ ಇಷ್ಟ್ ದಿನ ನಾನ್ ಗಂಟ್ಲು ಹರ್ಕೊಂಡಿದ್ದು ಯಾಕೆ?"

"ಭಯ ಇದೆ ಅಂದ್ರೆ ನನ್ನ ಕಥೆ ಮುಗೀತು!"

"ಅದಿರ್ಲಿ, ಗುಮ್ಮ ನಾನೇ ಅಂತ ಆ ಕಳ್ಳಿಗೆ ಹೆಂಗ್ ಗೊತ್ತಾಯ್ತು?"

ಅದು ಸತ್ಯವತಿಗೂ ತಿಳಿಯದು.

ಮಾರನೆಯ ದಿನ ರಾಜು ಮೀಸೆಗೆ ಎಣ್ಣೆ ಹಚ್ಚಿ ಹೋಗಿ, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತ. ಇವರನ್ನು ಕಂಡರೆ ನಿನಗೆ ಭಯವಾ ಎಂದು ಟೀಚರಮ್ಮ ಮಗುವನ್ನು ಕೇಳಿದರು. ಇಲ್ಲ ಅನ್ನು ಎಂದು ಸತ್ಯವತಿ ತಲೆಯಾಡಿಸಿದಳು. ಅವಳ ಬೆನ್ನ ಹಿಂದೆ ರಾಜು ಹೂಂ ಅನ್ನು ಎನ್ನುವಂತೆ ಕಣ್ಣರಳಿಸಿ ಮೀಸೆ ತಿರುವಿದ.

ಇಂಚರಾ ಇಬ್ಬರನ್ನೂ ನೋಡಿ, ಟೀಚರಮ್ಮನ ಕಿವಿಗೆ ಬಾಯಿಟ್ಟು ಇಂಗ್ಲಿಷಿನಲ್ಲಿ ಪಿಸುಗುಟ್ಟಿತು. ಆ ಪಿಸುಮಾತು ಬಾಗಿಲಾಚೆಗೂ ಕೇಳಿತು. "ಗುಮ್ಮನ ಕೂಗು ಫೋನಲ್ಲೂ ಬರತ್ತೆ, ನಮ್ಮನೆ ನೆಲದಿಂದಲೂ ಬರತ್ತೆ. ಅದು ರಾಜು ಅಂಕಲ್. ನೀವೂ ಹೆದರಿದ ಹಾಗೆ ಮಾಡಿ. ಇಲ್ಲಾಂದ್ರೆ ಅವರಿಗೆ ಬೇಜಾರಾಗತ್ತೆ. ನಾನು ದಿನಾ ಮಾಡ್ತೀನಿ."

ಟೀಚರಮ್ಮ ಬಿದ್ದು ಬಿದ್ದು ನಕ್ಕರು. ಸತ್ಯವತಿಗೆ ಹೋದ ಜೀವ ಬಂತು. ರಾಜು ಮಾತ್ರ ಮೀಸೆಯ ಎಣ್ಣೆಯನ್ನು ತೋಳಿನಿಂದ ಒರೆಸಿಕೊಂಡು ಮನೆಯ ದಾರಿ ಹಿಡಿದ.

ಸಂಜೆ ಫೋನ್ ಹೊಡೆದುಕೊಂಡೇ ಹೊಡೆದುಕೊಂಡಿತು. ಕೊನೆಗೆ ಎತ್ತಿದ. ಇಂಚರಾಳೇ.

"ಗುಮ್ಮ, ಕಮಾನ್! ಇವತ್ತು ಬೀನ್ಸು, ಯಕ್. ಜೋರಾಗಿ ಮಾಡು, ಓಕೆ?"

"ಯಾವಳೇ ಅದು ನಂಗೇ ಕೂಗೋದ್ ಹೇಳ್ಕೊಡೋಳು!"

ಹೋಟೆಲಿನಲ್ಲಿ ನುಂಗಿದ್ದೆಲ್ಲ ಒಟ್ಟಿಗೇ ಹೊರಬಂತು. ಕಿಟಕಿಯ ಗಾಜು ಅದುರಿತು. ಆ ಕಡೆ ಕಿರುಚಾಟ ಇಲ್ಲ, "ಅಯ್ಯೋ ಗುಮ್ಮಾ" ಇಲ್ಲ. ಗುಳಕ್ ಎಂದಿದ್ದು ಮಾತ್ರ ಕೇಳಿತು.

"ಹೆದ್ರುದ್ಯಾ?" ರಾಜು ಮೆಲ್ಲಗೆ ಕೇಳಿದ.

"ಸ್ವಲ್ಪ."

ಅದು ನಿಜವೋ ನಾಟಕವೋ ಎಂದು ರಾಜು ವಿಚಾರಿಸಲು ಹೋಗಲಿಲ್ಲ. ಅಂದು ಒಂದು ಮುದ್ದೆ ಹೆಚ್ಚಿಗೇ ಉಂಡ.