ಅಪ್ಪನ ಸೈಕಲ್ಲನ್ನು ನಾನು ಮನೆಗೆ ತಂದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಆರೈಕೆ ಸಿಗುತ್ತಿದ್ದದ್ದು ಅಪ್ಪನ ಸೈಕಲ್ಲಿಗೆ. ಕಾಪುವಿನ ಕಡಲ ತೀರದಲ್ಲಿ ನಮ್ಮ ಮನೆ. ಉಪ್ಪು ಗಾಳಿಗೆ ಬಾಗಿಲಿನ ಚಿಲಕ, ಬಾವಿಯ ರಾಟೆ, ಅಮ್ಮನ ಕತ್ತಿ ಎಲ್ಲವೂ ತುಕ್ಕು ಹಿಡಿಯುತ್ತಿದ್ದವು. ಸೈಕಲ್ಲಿಗೆ ಮಾತ್ರ ತುಕ್ಕು ಹಿಡಿಯಲು ಅಪ್ಪ ಬಿಡುತ್ತಿರಲಿಲ್ಲ. ಪ್ರತಿ ಸಂಜೆ ಅದನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ, ಸಿಹಿನೀರಿನಿಂದ ತೊಳೆದು, ಹಳೆಯ ಲುಂಗಿಯ ತುಂಡಿನಿಂದ ಒರೆಸಿ, ಚೈನಿಗೆ ಎಣ್ಣೆ ಬಿಡುತ್ತಿದ್ದರು. ಮೀನಿನ ವಾಸನೆ ಮಾತ್ರ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನಮ್ಮ ಕೇರಿಯ ಬೆಕ್ಕುಗಳು ಅದರ ಸುತ್ತಲೇ ಮಲಗುತ್ತಿದ್ದವು.

ಅಪ್ಪ ಮೀನು ಮಾರುತ್ತಿದ್ದರು. ಬೆಳಿಗ್ಗೆ ದೋಣಿ ದಡಕ್ಕೆ ಬಂದ ಕೂಡಲೇ ಬಂಗುಡೆಯನ್ನೋ ಬೂತಾಯಿಯನ್ನೋ ಬುಟ್ಟಿಗೆ ತುಂಬಿ, ಮೇಲೆ ಮಂಜುಗಡ್ಡೆಯ ಪುಡಿ ಹರಡಿ, ಬಾಳೆಲೆ ಮುಚ್ಚಿ, ಕಾಪುವಿನಿಂದ ಶಿರ್ವ, ಅಲ್ಲಿಂದ ಬೆಳ್ಮಣ್ಣು, ಮೀನು ಉಳಿದರೆ ಕಾರ್ಕಳದ ತನಕವೂ ಸೈಕಲ್ ತುಳಿಯುತ್ತಿದ್ದರು. ಕಡಲಿನಿಂದ ಒಳನಾಡಿನ ಕಡೆಗೆ ಹೋಗುವ ಆ ದಾರಿಯಲ್ಲಿ ಏರು ಮುಗಿದರೆ ಇಳಿಜಾರು, ಇಳಿಜಾರು ಮುಗಿದರೆ ಮತ್ತೆ ಏರು. ಭಾರ ಹೊತ್ತು ಆ ಏರು ಹತ್ತುವುದು ಸುಲಭದ ಕೆಲಸವಲ್ಲ. ಆದ್ದರಿಂದ ಅಪ್ಪ ಸೈಕಲ್ಲಿಗೆ ಏನು ಹಾಕಿಸಿದರೂ ಏರಿನ ಲೆಕ್ಕದಲ್ಲೇ ಹಾಕಿಸುತ್ತಿದ್ದರು. ಕಮ್ಮಾರನ ಹತ್ತಿರ ಮಣೆಯಷ್ಟು ಅಗಲದ ಕ್ಯಾರಿಯರ್ ಮಾಡಿಸಿ ಅದಕ್ಕೆ ನೀಲಿ ಬಣ್ಣ ಬಳಿದಿದ್ದರು. ದಪ್ಪ ಟಯರು, ಗಟ್ಟಿ ಕಡ್ಡಿಗಳು, ಬೆಲ್ಲಿನ ಬದಲು ಒತ್ತಿದರೆ 'ಪೊಂ' ಎನ್ನುವ ರಬ್ಬರ್ ಚೆಂಡಿನ ಹಾರ್ನು.

ಬ್ರೇಕಿನ ಬಗ್ಗೆ ಮಾತ್ರ ಅವರಿಗೆ ಅಷ್ಟು ಕಾಳಜಿ ಇರಲಿಲ್ಲ. ಆ ಕಾಲದ ಸೈಕಲ್ಲುಗಳಲ್ಲಿ ಹ್ಯಾಂಡಲ್ಲಿನಿಂದ ಕಬ್ಬಿಣದ ಸಲಾಕೆ ಇಳಿದು ಚಕ್ರದ ಅಂಚಿಗೆ ಎರಡು ರಬ್ಬರ್ ತುಂಡುಗಳನ್ನು ಒತ್ತುತ್ತಿತ್ತು. ಅಪ್ಪನ ಸೈಕಲ್ಲಿನ ರಬ್ಬರು ಸವೆದು ಸವೆದು ಉಗುರಿನಷ್ಟು ತೆಳ್ಳಗಾಗಿತ್ತು. ಪೇಟೆಯ ಸೈಕಲ್ ಅಂಗಡಿಯವರು ಒಮ್ಮೆ ನನ್ನ ಎದುರಿಗೇ ಹೇಳಿದ್ದರು, "ಇದನ್ನು ಬದಲಿಸಿ ಮಾರಾಯ್ರೇ, ಇದರಲ್ಲಿ ಎಂತದೂ ಇಲ್ಲ." ಅಪ್ಪ ನಕ್ಕು, "ಹತ್ತುವಾಗ ಸೈಕಲ್ ಕೈಕೊಡಬಾರದು, ಇಳಿಯುವುದು ಹೇಗೂ ಆಗ್ತದೆ. ಮಳೆ ಶುರುವಾದ ಮೇಲೆ ಬದಲಿಸುವ" ಎಂದಿದ್ದರು. ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಸೈಕಲ್ಲಿಗೂ ಆಗ ರಜೆ. ಅಪ್ಪನ ಮಾತು ನನಗೆ ಸರಿಯಾಗಿಯೇ ಕಂಡಿತ್ತು.

ಆ ವರ್ಷ ಮಳೆ ಬೇಗ ಬಂತು. ಶಾಲೆಗೆ ಇನ್ನೂ ಬೇಸಿಗೆ ರಜೆ ಇತ್ತು. ಬೆಳಿಗ್ಗೆ ಅಪ್ಪ ಹೊರಡುವಾಗ ಕಡಲಿನ ಮೇಲೆ ಆಕಾಶ ಮಸಿ ಬಳಿದ ಹಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತು, "ಇವತ್ತು ಬೇಡ ಅಲ್ವಾ?" ಎಂದು ಕೇಳಿದಳು. "ಬುಟ್ಟಿ ತುಂಬಿ ಆಗಿದೆ, ಇನ್ನು ಎಂತ ಮಾಡುವುದು?" ಎಂದು ಅಪ್ಪ ಹಾರ್ನು ಒತ್ತಿ ಹೊರಟೇ ಹೋದರು. ಅವರು ಪೇಟೆ ದಾಟಿರಬೇಕು, ಅಷ್ಟರಲ್ಲಿ ಮಳೆ ಸುರಿಯಿತು. ತಿಂಗಳುಗಟ್ಟಲೆ ಕಾದಿದ್ದ ಮಣ್ಣಿನಿಂದ ಬಿಸಿ ಆವಿ ಎದ್ದಿತು. ನಾನು ಅಂಗಳದಲ್ಲಿ ನೆನೆದು ಕುಣಿದೆ. ಅಮ್ಮ ಬೈಯಲಿಲ್ಲ. ಅವಳು ರಸ್ತೆಯನ್ನೇ ನೋಡುತ್ತಿದ್ದಳು.

ಹೆಚ್ಚಿನ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಅಪ್ಪ ಬಂದುಬಿಡುತ್ತಿದ್ದರು. ಅಂದು ಬರಲಿಲ್ಲ. ಮಳೆ ನಿಂತು ಬಿಸಿಲು ಬಂತು, ಆಗಲೂ ಬರಲಿಲ್ಲ. ಅಕ್ಕ ಪೇಟೆಯ ಬಸ್ ನಿಲ್ದಾಣದ ತನಕ ಹೋಗಿ ನೋಡಿ ಬರೋಣ ಎಂದಳು. ನಾನೂ ಜೊತೆಗೆ ಹೋದೆ. ಆಗ ಕಾರ್ಕಳದಿಂದ ಬಸ್ಸು ಬಂತು. ಅದರ ಕಂಡಕ್ಟರಿಗೆ ದಿನಾ ದಾರಿಯಲ್ಲಿ ಕಾಣುವ ಅಪ್ಪನ ಪರಿಚಯ ಇತ್ತು. ಅವರು ಅಕ್ಕನನ್ನು ಕಂಡವರೇ ಇಳಿದು ಬಂದರು.

"ಶಿರ್ವ ದಾಟಿದ ಮೇಲೆ ಮೋರಿಯ ಹತ್ತಿರ ನಿಮ್ಮ ಅಪ್ಪನ ಸೈಕಲ್ ಬಿದ್ದದ್ದು ಕಂಡೆ. ನೀಲಿ ಕ್ಯಾರಿಯರ್ ಅಲ್ವಾ? ರಸ್ತೆ ಇಡೀ ಮೀನು."

"ಅಪ್ಪ?" ಎಂದಳು ಅಕ್ಕ.

"ಅವರು ಕಾಣಲಿಲ್ಲ ಮಗಾ."

ಬಸ್ಸು ತಿರುಗಿ ಕಾರ್ಕಳಕ್ಕೆ ಹೊರಡುವುದಿತ್ತು. ಅಕ್ಕ ಓಡಿ ಹೋಗಿ ಅಮ್ಮನಿಗೆ ಹೇಳಿ ಬಂದಳು. ಅಪ್ಪ ಬೇರೆ ದಾರಿಯಿಂದ ಬಂದರೆ ಮನೆಯಲ್ಲಿ ಯಾರಾದರೂ ಇರಬೇಕೆಂದು ಅಮ್ಮ ಉಳಿದಳು. ನಾವಿಬ್ಬರು ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಅಕ್ಕ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ನನ್ನ ಬೆರಳುಗಳು ಬೆಳ್ಳಗಾಗಿದ್ದವು. ನಾನು ಬಿಡಿಸಿಕೊಳ್ಳಲಿಲ್ಲ.

ಮೋರಿಯ ಹತ್ತಿರ ಇಳಿದಾಗ ಮೊದಲು ಕಂಡದ್ದು ಕಾಗೆಗಳು. ರಸ್ತೆಯ ತುಂಬ ಬಂಗುಡೆಗಳು ಬಿಸಿಲಿಗೆ ಹೊಳೆಯುತ್ತಾ ಬಿದ್ದಿದ್ದವು. ಅಪ್ಪ ಇರಲಿಲ್ಲ, ಸೈಕಲ್ಲೂ ಇರಲಿಲ್ಲ. ಅಕ್ಕ ಮೋರಿಯ ಕೆಳಗೆ ಇಣುಕಿ ನೋಡಿದಳು. ಆಗ ಅವಳ ಮುಖ ಹೇಗಿತ್ತೆಂದು ನಾನು ನಿಮಗೆ ಹೇಳಲಾರೆ.

ರಸ್ತೆಯ ಆಚೆಯ ಮನೆಯಿಂದ ಬೀಡಿ ಕಟ್ಟುತ್ತಿದ್ದ ಹೆಂಗಸೊಬ್ಬರು ಕೂಗಿ ಕರೆದರು. ಸೈಕಲ್ಲನ್ನೂ ಮುರಿದ ಬುಟ್ಟಿಯನ್ನೂ ಅವರೇ ಎಳೆದು ತಂದು ತಮ್ಮ ಅಂಗಳದಲ್ಲಿ ಇಟ್ಟಿದ್ದರು. "ಇಳಿಜಾರಿನಲ್ಲಿ ಬರುವಾಗ ಬ್ರೇಕು ಹಿಡಿಯಲಿಲ್ಲ, ಎದುರಿಗೆ ದನ ಬಂತು, ತಪ್ಪಿಸಲಿಕ್ಕೆ ಹೋಗಿ ಮೋರಿಯ ಕಟ್ಟೆಗೆ ಹೊಡೆದರು. ಜೀಪಿನವರು ಕಾರ್ಕಳದ ಆಸ್ಪತ್ರೆಗೆ ಕರೆದುಕೊಂಡು ಹೋದರು" ಎಂದರು. ಅಕ್ಕ ಬಾಯಿ ತೆರೆಯುವ ಮೊದಲೇ ಅವರು ಸೇರಿಸಿದರು, "ಮಾತಾಡ್ತಾ ಇದ್ದರು ಮಾರಾಯ್ತಿ. ಕಾಲಿಗೆ ಪೆಟ್ಟು ಜೋರು ಉಂಟು. ಆದರೆ ಮಾತಾಡ್ತಾ ಇದ್ದರು."

ಅಕ್ಕ ಕಾರ್ಕಳಕ್ಕೆ ಹೋಗಲೇಬೇಕಿತ್ತು. ಅಮ್ಮನಿಗೆ ಸುದ್ದಿ ಮುಟ್ಟಿಸುವವರೂ ಬೇಕಿತ್ತು. ಕಾಪುವಿಗೆ ಮುಂದಿನ ಬಸ್ಸು ಕತ್ತಲಾಗುವ ಹೊತ್ತಿಗೆ ಇತ್ತು, ಮಳೆಗೆ ಅದು ಬರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಅಕ್ಕನಿಗೆ ಸೈಕಲ್ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಸೀಟಿನ ಮೇಲೆ ಕೂತರೆ ಪೆಡಲಿಗೆ ಕಾಲು ಎಟುಕದಿದ್ದರೂ ಅಡ್ಡ ಸರಳಿನ ಕೆಳಗೆ ಒಂದು ಕಾಲು ತೂರಿಸಿ, ಸೊಟ್ಟಗೆ ಬಾಗಿ ಒಳಪೆಡಲು ಬಿಡುತ್ತಿದ್ದೆ.

"ನೀನು ಹೋಗ್ತೀಯಾ?" ಎಂದು ಅಕ್ಕ ಕೇಳಿದಳು. ಹೋಗು ಎನ್ನಲಿಲ್ಲ, ಕೇಳಿದಳು. ನಾನು ತಲೆಯಾಡಿಸಿದೆ. "ಇಳಿಜಾರಿನಲ್ಲಿ ಹತ್ತಬೇಡ. ತಳ್ಳಿಕೊಂಡೇ ಹೋಗು" ಎಂದು ಹೇಳಿ ಅವಳು ಕಾರ್ಕಳದ ಕಡೆ ಹೋಗುತ್ತಿದ್ದ ಟೆಂಪೋಗೆ ಕೈ ಅಡ್ಡ ಹಿಡಿದಳು.

ಸೈಕಲ್ಲಿನ ಹ್ಯಾಂಡಲ್ ಒಂದು ಬದಿಗೆ ತಿರುಗಿತ್ತು. ಮುಂದಿನ ಬ್ರೇಕಿನ ಸಲಾಕೆ ಕಿತ್ತು ನೇತಾಡುತ್ತಿತ್ತು. ಬೀಡಿ ಕಟ್ಟುವ ಹೆಂಗಸು ಚಕ್ರವನ್ನು ಕಾಲುಗಳ ನಡುವೆ ಸಿಕ್ಕಿಸಿ ಹ್ಯಾಂಡಲ್ಲನ್ನು ನೇರ ಮಾಡಿಕೊಟ್ಟರು. ಮುರಿದ ಬುಟ್ಟಿಯನ್ನು ಹಗ್ಗದಿಂದ ಕ್ಯಾರಿಯರಿಗೆ ಬಿಗಿದುಕೊಟ್ಟರು. ಸಮತಟ್ಟಿನಲ್ಲಿ ಒಳಪೆಡಲು ತುಳಿದೆ. ಏರಿನಲ್ಲಿ ತಳ್ಳಿದೆ. ಆ ಸೈಕಲ್ ಎಷ್ಟು ಭಾರ ಎಂದು ನನಗೆ ಅಂದೇ ಗೊತ್ತಾದದ್ದು. ಅಪ್ಪ ಅದರ ಮೇಲೆ ಮೀನನ್ನೂ ಹೇರಿ ದಿನಾ ಹೇಗೆ ಹತ್ತುತ್ತಿದ್ದರೋ.

ಇಳಿಜಾರಿನಲ್ಲಿ ಹತ್ತಲಿಲ್ಲ. ಆದರೆ ತಳ್ಳುವುದೂ ಆಗಲಿಲ್ಲ. ಸೈಕಲ್ಲು ನನ್ನನ್ನೇ ಎಳೆಯತೊಡಗಿತು. ನಾನು ಹ್ಯಾಂಡಲ್ ಹಿಡಿದು ಹಿಂದಕ್ಕೆ ವಾಲಿದರೂ ಅದು ಇನ್ನೂ ಜೋರಾಗಿ ಓಡಿತು. ಚಪ್ಪಲಿ ಕಿತ್ತುಹೋಯಿತು. ಒದ್ದೆ ಡಾಂಬರಿನಲ್ಲಿ ಪಾದ ಜಾರುತ್ತಿತ್ತು. ಬಿಟ್ಟುಬಿಟ್ಟರೆ ಸೈಕಲ್ ಹೋಗುತ್ತದೆ, ಹಿಡಿದರೆ ನಾನೂ ಹೋಗುತ್ತೇನೆ. ಕೊನೆಗೆ ಹೇಗೋ ಹ್ಯಾಂಡಲ್ಲನ್ನು ಪಕ್ಕದ ಮಣ್ಣಿನ ದರೆಯ ಕಡೆ ತಿರುಗಿಸಿದೆ. ಕೆಂಪು ಮಣ್ಣಿಗೆ ಚಕ್ರ ಹೂತು ನಿಂತಿತು, ನಾನು ಅದರ ಮೇಲೆ ಬಿದ್ದೆ. ಮೊಣಕೈ ಸುಲಿದಿತ್ತು. ಅಲ್ಲಿ ಕೂತು ಅತ್ತೆ. ಬೆಳಿಗ್ಗೆಯಿಂದ ಒಮ್ಮೆಯೂ ಅತ್ತಿರಲಿಲ್ಲ.

ಅಳು ನಿಂತ ಮೇಲೆ ಕ್ಯಾರಿಯರಿನ ಹಗ್ಗ ಕಣ್ಣಿಗೆ ಬಿತ್ತು. ಹಗ್ಗ ಬಿಚ್ಚಿ, ಒಂದು ತುದಿಯನ್ನು ಕ್ಯಾರಿಯರಿಗೂ ಇನ್ನೊಂದನ್ನು ಬುಟ್ಟಿಗೂ ಕಟ್ಟಿ, ಬುಟ್ಟಿಯನ್ನು ಹಿಂದೆ ರಸ್ತೆಗೆ ಬಿಟ್ಟೆ. ಅದರೊಳಗೆ ದರೆಯ ಕಲ್ಲುಗಳನ್ನು ಹಾಕಿದೆ. ಸೈಕಲ್ಲು ಓಡಲು ನೋಡಿದಾಗ ಬುಟ್ಟಿ ಅದನ್ನು ಹಿಂದಕ್ಕೆ ಜಗ್ಗಿತು. ಕರ್‌ರ್‌ರ್ ಎಂದು ಸದ್ದು ಮಾಡುತ್ತಾ, ಏರು ಬಂದಾಗ ಕಲ್ಲು ಚೆಲ್ಲುತ್ತಾ, ಇಳಿಜಾರು ಬಂದಾಗ ಮತ್ತೆ ತುಂಬುತ್ತಾ ನಡೆದೆ. ದಾರಿಯಲ್ಲಿ ಜನರು ನಿಂತು ನೋಡಿದರು. ಒಬ್ಬರು "ಎಂತ ಮಗಾ ಇದು?" ಎಂದು ಕೇಳಿದರು. ಉತ್ತರ ಹೇಳಲು ಹೋದರೆ ಮತ್ತೆ ಅಳು ಬರುತ್ತದೆಂದು ನಾನು ನಿಲ್ಲಲಿಲ್ಲ.

ಮನೆ ಹತ್ತಿರವಾದ ಹಾಗೆ ಬೇರೆಯೇ ಹೆದರಿಕೆ ಶುರುವಾಯಿತು. ಅಮ್ಮನಿಗೆ ಏನು ಹೇಳಲಿ? ನಾನು ಅಪ್ಪನನ್ನು ನೋಡಿರಲಿಲ್ಲ. ಜೀಪಿನಲ್ಲಿ ಹೋಗುವಾಗ ಮಾತನಾಡುತ್ತಿದ್ದರಂತೆ, ಆಮೇಲೆ? ನಮ್ಮ ಓಣಿಗೆ ತಿರುಗುವಾಗ ಸೂರ್ಯ ಕಡಲಿಗೆ ತಾಗುವುದರಲ್ಲಿದ್ದ. ಅಮ್ಮ ಬೇಲಿಯ ಹತ್ತಿರವೇ ನಿಂತಿದ್ದಳು. ಅಪ್ಪನಿಲ್ಲದ ಸೈಕಲ್ಲು, ಅದರ ಹಿಂದೆ ತಳ ಸವೆದು ಬರೀ ಬಾಯಿಯ ಬಳೆ ಉಳಿದ ಬುಟ್ಟಿ, ಮಣ್ಣು ಮೆತ್ತಿಕೊಂಡ ನಾನು. ಅಮ್ಮ ನೋಡಿದಳು, ನಿಂತಲ್ಲೇ ಕುಸಿದು ಕೂತಳು.

"ಇದ್ದಾರೆ!" ಎಂದು ನಾನು ದೂರದಿಂದಲೇ ಕೂಗಿದೆ. "ಅಮ್ಮಾ, ಅಪ್ಪ ಇದ್ದಾರೆ! ಇದ್ದಾರೆ!" ನನಗೇ ಗೊತ್ತಿಲ್ಲದ್ದನ್ನು ಅಷ್ಟು ಗಟ್ಟಿಯಾಗಿ ನಾನು ಮತ್ತೆಂದೂ ಹೇಳಿಲ್ಲ. ಅಮ್ಮ ನನ್ನನ್ನು ಮಡಿಲಿಗೆ ಎಳೆದುಕೊಂಡಳು.

ಮಾರನೆಯ ದಿನ ಅಕ್ಕ ಬಸ್ಸಿನಿಂದ ಇಳಿದು ಬಂದು ಹೇಳಿದ ಮೇಲೆಯೇ ನನ್ನ ಮಾತು ನಿಜವಾದದ್ದು. ಅಪ್ಪ ಇದ್ದರು. ಆದರೆ ಮೊಣಕಾಲಿನ ಚಿಪ್ಪು ಒಡೆದಿತ್ತು. ಮಳೆಗಾಲದ ನಡುವೆ ಮನೆಗೆ ಬಂದರು. ಆ ಕಾಲು ಮತ್ತೆ ಮಡಚಲಿಲ್ಲ. ಮಂಚದಲ್ಲಿ ಮಲಗಿಕೊಂಡೇ ಸೈಕಲ್ಲನ್ನು ಹತ್ತಿರ ತರಿಸಿ, ಹೊಸ ಬ್ರೇಕಿನ ರಬ್ಬರುಗಳನ್ನು ತಮ್ಮ ಕೈಯಿಂದಲೇ ಕೂರಿಸಿದರು. ಮೊದಲು ನಮ್ಮನ್ನು ನಗಿಸುತ್ತಿದ್ದ ಅಪ್ಪ ಆಮೇಲೆ ಬಹಳ ದಿನ ಸುಮ್ಮನೆ ಗೋಡೆ ನೋಡುತ್ತಿದ್ದರು.

ಮಳೆ ಬಿಟ್ಟಾಗಲೆಲ್ಲ ಅಕ್ಕ ಮರಳಿನ ಮೇಲೆ ಸೈಕಲ್ ಕಲಿತಳು. ನಾನು ಹಿಂದಿನಿಂದ ಹಿಡಿದುಕೊಳ್ಳುತ್ತಿದ್ದೆ. ದೋಣಿಗಳು ಮತ್ತೆ ಕಡಲಿಗೆ ಇಳಿದಾಗ ಅವಳೇ ಬುಟ್ಟಿ ಕಟ್ಟಿ ಹೊರಟಳು. ಕಾರ್ಕಳಕ್ಕೆ ಹೋಗುತ್ತಿರಲಿಲ್ಲ, ಶಿರ್ವದ ತನಕ ಮಾತ್ರ. ಹುಡುಗಿಯೊಬ್ಬಳು ಸೈಕಲ್ಲಿನಲ್ಲಿ ಮೀನು ಮಾರುವುದನ್ನು ಜನ ತಿರುಗಿ ತಿರುಗಿ ನೋಡಿದರು, ಕೆಲವರು ನಕ್ಕರು. ಅವಳು ಬರುವ ತನಕ ಅಪ್ಪ ಊಟಕ್ಕೆ ಕೂರುತ್ತಿರಲಿಲ್ಲ.

ಈಗ ನಾನು ಬನ್ನಂಜೆಯಲ್ಲಿ ಮೊಮ್ಮಕ್ಕಳಾದ ನಿಮ್ಮ ಜೊತೆ ಇದ್ದೇನೆ. ನಿಮ್ಮ ಸೈಕಲ್ಲುಗಳನ್ನು ನಾನು ಒಂದು ಕೈಯಲ್ಲಿ ಎತ್ತಬಲ್ಲೆ. ಭಾನುವಾರ ಬೆಳಿಗ್ಗೆ ಹೆಲ್ಮೆಟ್ ಕಟ್ಟಿ, ಹಿಂದೆ ಕೆಂಪು ದೀಪ ಮಿನುಗಿಸುತ್ತಾ ಮಣಿಪಾಲ ಹತ್ತಿ ಕಾರ್ಕಳದ ಕಡೆ ಹೋಗುತ್ತೀರಿ. ಅದರ ಹಿಂದಿನ ದಿನ ಇಡೀ ಜಗಳ. ಟಯರು ತೆಳ್ಳಗಿರಬೇಕೋ ಸ್ವಲ್ಪ ಅಗಲ ಇರಬೇಕೋ, ಡಿಸ್ಕ್ ಬ್ರೇಕು ಬೇಕೋ ಬೇಡವೋ. ಆ ಜಗಳ ಕೇಳಲು ನನಗೆ ಇಷ್ಟ. ನಮ್ಮ ಮನೆಯಲ್ಲಿ ಅಂಥ ಜಗಳ ಯಾರೂ ಆಡಲಿಲ್ಲ.

ನೀವು ಹೋದ ಮೇಲೆ ನಿಮ್ಮ ಅಮ್ಮ ಫೋನನ್ನು ನನ್ನ ಎದುರಿಗೆ ಇಡುತ್ತಾಳೆ. ಅದರ ನಕ್ಷೆಯಲ್ಲಿ ನೀವು ನೀಲಿ ಚುಕ್ಕೆಯಾಗಿ ಪರ್ಕಳ ಇಳಿಯುವುದು, ಹಿರಿಯಡ್ಕ ದಾಟುವುದು ಕಾಣುತ್ತದೆ. ಎಷ್ಟು ಒಳ್ಳೆಯ ಕಾಲ ಎಂದುಕೊಳ್ಳುತ್ತೇನೆ. ಆದರೆ ಆ ಚುಕ್ಕೆ ಎಲ್ಲಾದರೂ ನಿಂತುಬಿಟ್ಟರೆ ನನ್ನ ಉಸಿರೂ ನಿಲ್ಲುತ್ತದೆ. ಎಳನೀರು ಕುಡಿಯಲು ನಿಂತಿರಬಹುದು, ಫೋಟೋ ತೆಗೆಯುತ್ತಿರಬಹುದು ಎಂದು ನಿಮ್ಮ ಅಮ್ಮ ನಗುತ್ತಾಳೆ. ನಾನು ನಗುವುದಿಲ್ಲ. ಕನ್ನಡಕ ಒರೆಸಿಕೊಂಡು ಚುಕ್ಕೆಯನ್ನೇ ನೋಡುತ್ತಾ ಕೂರುತ್ತೇನೆ. ಅದು ಮತ್ತೆ ಅಲುಗಿದ ಮೇಲೆ ಎದ್ದು ಹೋಗಿ ನಿಮಗೆ ಅನ್ನಕ್ಕೆ ಇಡುತ್ತೇನೆ.