ಹೆಣದ ಪಾತ್ರಕ್ಕೆ ಬಂದ ಆಯೇರಿ

ಹುನಗುಂದದಲ್ಲಿ ನಾನು ಕಲಿಸುವ ಶಾಲೆಯಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಹತ್ತಿರ ಬಂತೆಂದರೆ ಸಾಕು, ದೊಡ್ಡ ಮೇಡಂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. "ನೀವು ನಾಟಕ ಕಲತವ್ರು. ಹೊಸದಾಗಿ ಕಲಿಯೂ ಮಕ್ಕಳಿಗೆ ಮೊದಲ ಏನ್ ಹೇಳಿಕೊಡಬೇಕ್ರಿ?" ಈ ವರ್ಷ ನಾನು "ಕಸ ಹೊಡಿಯೂದು" ಎಂದೆ. ಅವರ ಮುಖ ಸಣ್ಣದಾಯಿತು, ಕುಚೇಷ್ಟೆ ಅಂದುಕೊಂಡರು. ಅಲ್ಲ. ನನಗೆ ಮೊದಲು ಕಲಿಸಿದ್ದೇ ಅದು. ಆಮೇಲೆ ಏನೇನು ಕಲಿಸಿದರು, ಅದರಿಂದ ಏನಾಯಿತು ಎಂದು ಹೇಳಿದ್ದರೆ ಮೇಡಂ ಆ ವರ್ಷದ ನಾಟಕವನ್ನೇ ಕೈಬಿಡುತ್ತಿದ್ದರೋ ಏನೋ.

ಇಳಕಲ್ಲಿನಲ್ಲಿ ಮಗ್ಗ ನಿಂತುಹೋದ ಒಂದು ಮನೆಯ ಮಾಳಿಗೆಯ ಮೇಲೆ ಶನಿವಾರ, ರವಿವಾರ ನಾಟಕದ ಕ್ಲಾಸು ನಡೆಯುತ್ತಿತ್ತು. ನಾನು ನಮ್ಮೂರು ಗುಡೂರಿನಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಲಿಸುವವರು ಬಾದಾಮಿ ಕಡೆಯ ಹೆಣ್ಣುಮಗಳು, ಅರ್ಧ ಆಯುಷ್ಯ ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚಿದವರು. ನಾವು ಅಕ್ಕೋರು ಎನ್ನುತ್ತಿದ್ದೆವು. ಮೊದಲ ದಿನವೇ ಡೈಲಾಗು ಕೊಡುತ್ತಾರೆ ಎಂದು ಗಂಟಲು ಸರಿಮಾಡಿಕೊಂಡು ಹೋದರೆ ಕೈಗೆ ಕಸಬರಿಗೆ ಕೊಟ್ಟರು. "ನಾವ ಆಡೂ ಜಾಗಾ ನಾವ ಹೊಡೀಬೇಕು. ಇಲ್ಲಿ ಯಾರೂ ನಿಮ್ಮ ಆಳಿಲ್ಲ" ಎಂದರು.

ಚಪ್ಪಲಿ ಮೆಟ್ಟಿಲ ಕೆಳಗೇ ಬಿಡಬೇಕು. ಸ್ಟೇಜಿನ ಹಲಗೆಯ ಮೇಲೆ ಕಾಲಿಡುವ ಮುಂಚೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಜೊತೆಯವರು ಮಾತು ಮರೆತರೆ ಕಿಸಕ್ಕೆಂದು ನಗುವಂತಿಲ್ಲ, ಅವರಿಗೆ ನೆನಪಾಗುವಂತೆ ಏನಾದರೂ ಮಾತು ಸೇರಿಸಿ ದಡ ಮುಟ್ಟಿಸಬೇಕು. ಬಣ್ಣ ಹಚ್ಚಿದ ಮೇಲೆ ಹೊರಗೆ ಹೋಗಿ ಮುಖ ತೋರಿಸುವಂತಿಲ್ಲ. ಒಬ್ಬ ಬಣ್ಣದ ಮುಖದಲ್ಲೇ ರೀಲ್ ಮಾಡಿದ್ದಕ್ಕೆ ಅಕ್ಕೋರು ಅಲ್ಲೇ ನಿಂತು ಮುಖ ತೊಳೆಸಿ ಮನೆಗೆ ಕಳಿಸಿದರು. ಎಲ್ಲಕ್ಕಿಂತ ಹೆಚ್ಚು ಅವರು ಹೇಳುತ್ತಿದ್ದದ್ದು ಒಂದೇ: "ನಿನ್ನ ಮಾತು ಇದ್ದಾಗ ಯಾರರ ಆಡ್ತಾರ. ಮಾತು ಇಲ್ದಾಗ ನೀ ಏನ್ ಮಾಡ್ತಿ, ಅದು ನಾಟಕ."

ನನಗೆ ಸಿಕ್ಕಿದ್ದೂ ಅಂಥದೇ ಪಾತ್ರ. ಸೊಸೆಯೊಬ್ಬಳು ನಾಟಕದ ನಡುವೆಯೇ ಸಾಯುತ್ತಾಳೆ. ಅತ್ತೆ, ಗಂಡ, ಮೈದುನ ಅವಳ ಹೆಣದ ಸುತ್ತ ನಿಂತು ಅವಳ ಬಂಗಾರದ ಸರಕ್ಕಾಗಿ ಜಗಳಾಡುತ್ತಾರೆ. ಆ ಜಗಳ ಮುಗಿಯುವವರೆಗೆ ನಾನು ಹೆಣ. ಅಯ್ಯ, ಮಲಗುವುದರಲ್ಲಿ ಏನಿದೆ ಅಂದುಕೊಂಡಿದ್ದೆ. ಮಲಗಿ ನೋಡಿದಾಗ ಗೊತ್ತಾಯಿತು. ಎದೆ ಏಳದ ಹಾಗೆ ಹೊಟ್ಟೆಯಲ್ಲೇ ಉಸಿರಾಡಬೇಕು. ರೆಪ್ಪೆಯ ಒಳಗೆ ಕಣ್ಣಗುಡ್ಡೆ ಹೊರಳಬಾರದು. ಮೂಗಿನ ಮೇಲೆ ನೊಣ ಕುಳಿತರೆ ಕುಳಿತುಕೊಳ್ಳಲಿ. ಅಕ್ಕೋರು ಬೇಕಂತಲೇ ನನ್ನ ಕಿವಿಯ ಹತ್ತಿರ ತಾಟು ಬೀಳಿಸುತ್ತಿದ್ದರು. ತಿಂಗಳುಗಟ್ಟಲೆ ಬೆಚ್ಚಿಬಿದ್ದೆ, ಬೈಸಿಕೊಂಡೆ. ಒಂದು ದಿನ ತಾಟು ಬಿತ್ತು, ನಾನು ಬೆಚ್ಚಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಖುಷಿ ನನಗೆ ಮತ್ತೆ ಆಗಿಲ್ಲ.

ಗುಡೂರಿನಲ್ಲಿ ಈ ನಾಟಕ ಆಡಿದ ಮೇಲೆ ನನ್ನನ್ನು ಬಾಗಲಕೋಟೆಯ ಒಂದು ತಂಡಕ್ಕೆ ಸೇರಿಸುತ್ತೇನೆ ಎಂದು ಅಕ್ಕೋರು ಹೇಳಿದ್ದರು. ವರ್ಷವಿಡೀ ನಾಟಕ ಆಡುವ ತಂಡ. ಅದಕ್ಕೆ ಮನೆಯವರು ಹೂಂ ಅನ್ನಬೇಕಿತ್ತು. ಅಪ್ಪ ತೀರಿದ ಮೇಲೆ ನಮ್ಮ ಮನೆಯಲ್ಲಿ ದೊಡ್ಡಪ್ಪ ಹೇಳಿದ್ದೇ ಮಾತು. ಬಣ್ಣ ಹಚ್ಚಿದ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂಬುದು ಅವನ ದಿನದ ರಾಗ. ಅವ್ವನಿಗೆ ಅವನೆದುರು ಬಾಯಿಯೇ ಇರಲಿಲ್ಲ. ಇದ್ದದ್ದು ಮಾಮಾನಿಗೆ, ಅವ್ವನ ಅಣ್ಣನಿಗೆ.

ಮಾಮಾನದು ನಮ್ಮೂರಲ್ಲೇ ಹಿಟ್ಟಿನ ಗಿರಣಿ. ಜೋಳ ಬೀಸಲು ಬಂದವರು ನನ್ನ ಸುದ್ದಿಯನ್ನೂ ಬೀಸಲು ತರುತ್ತಿದ್ದರು. "ನಿನ್ನ ಸೊಸಿ ನಾಟಕದಾಕಿ ಆದ್ಳಂತಲ್ಲೋ" ಎಂದವನೊಬ್ಬನಿಗೆ ಮಾಮಾ, ಅರ್ಧ ಬೀಸಿದ ಜೋಳವನ್ನು ಚೀಲ ಸಮೇತ ಎತ್ತಿ ಹೊರಗಿಟ್ಟು, "ಬ್ಯಾರೆ ಗಿರಣಿ ನೋಡ್ಕೋ ಹೋಗಲೇ" ಎಂದಿದ್ದನಂತೆ. ನಮ್ಮ ಕಡೆ ತಂಗಿಯ ಮಗಳನ್ನು ಸೊಸಿ ಎಂದೇ ಕರೆಯುವುದು. ದೊಡ್ಡಪ್ಪನಿಗೂ ಮಾಮಾ ಮುಖದ ಮೇಲೆ ಹೇಳಿದ್ದ: "ಹುಡುಗಿ ಜವಾಬ್ದಾರಿ ನಂದು. ನೀವು ಸುಮ್ಕಿರ್ರಿ." ಆ ಒಂದು ಮಾತಿನ ನೆರಳಲ್ಲಿ ನಾನು ಇಳಕಲ್ಲಿನ ಬಸ್ಸು ಹತ್ತುತ್ತಿದ್ದೆ.

ಇನ್ನು ಆಯೇರಿಯ ವಿಷಯ. ನಮ್ಮೂರುಗಳ ನಾಟಕದಲ್ಲಿ ಪಾತ್ರ ಮಾಡಿದವರಿಗೆ ಬೀಗರು, ಬಂಧುಗಳು ಬಟ್ಟೆಬರೆ ಕೊಡುವುದನ್ನು ಆಯೇರಿ ಎನ್ನುತ್ತಾರೆ. ಅದನ್ನು ನಾಟಕ ಮುಗಿದ ಮೇಲೆ ಕೊಡುವುದಿಲ್ಲ, ಆಟದ ನಡುವೆಯೇ ಸ್ಟೇಜು ಹತ್ತಿ ಕೊಡುತ್ತಾರೆ. ಮೈಕಿನವನು ನಾಟಕ ನಿಲ್ಲಿಸಿ ಕೊಟ್ಟವರ ಹೆಸರು ಕೂಗುತ್ತಾನೆ. ರಾಜನಾಗಲಿ, ರಾಕ್ಷಸನಾಗಲಿ, ಆಯೇರಿ ಬಂತೆಂದರೆ ಪಾತ್ರ ಬಿಟ್ಟು ಹಿರಿಯರ ಕಾಲು ಮುಟ್ಟಿ, ರುಮಾಲು ಸುತ್ತಿಸಿಕೊಂಡು, ಮತ್ತೆ ಕತ್ತಿ ಹಿರಿಯುತ್ತಾನೆ. ಸತ್ತವನು ಎದ್ದು ಆಯೇರಿ ತೆಗೆದುಕೊಂಡು ಮತ್ತೆ ಸತ್ತದ್ದನ್ನು ಸಣ್ಣವಳಿದ್ದಾಗ ನಾನೇ ನೋಡಿದ್ದೇನೆ. ಯಾರಿಗೂ ಅದು ತಪ್ಪೆನಿಸಿರಲಿಲ್ಲ, ನಾನೂ ಚಪ್ಪಾಳೆ ತಟ್ಟಿದ್ದೆ. ಅಕ್ಕೋರಿಗೆ ಮಾತ್ರ ಅದನ್ನು ಕಂಡರೆ ಮೈಯೆಲ್ಲ ಉರಿ. ನಾಟಕ ಶುರುವಾಗುವ ಮುಂಚೆಯೇ ಮೈಕಿನಲ್ಲಿ ಹೇಳಿಸಿದರು: ಆಯೇರಿ ಇದ್ದವರು ಪರದೆ ಬಿದ್ದ ಮೇಲೆ ಬರಬೇಕು.

ಮಾಮಾ ಅದನ್ನು ಕೇಳಲಿಲ್ಲ. ಆಗ ಅವನು ಇಳಕಲ್ಲಿನಲ್ಲಿ ನನಗಾಗಿ ಸೀರೆ ಆರಿಸುತ್ತಿದ್ದ.

ಸಂಜೆಯ ನಾಟಕ, ಶಾಲೆಯ ಮೈದಾನ, ಜನ ಕಿಕ್ಕಿರಿದಿದ್ದರು. ನಾನು ಸತ್ತೆ. ಚೆನ್ನಾಗಿಯೇ ಸತ್ತೆ, ಯಾಕೆಂದರೆ ಹೆಂಗಸರ ಕಡೆಯಿಂದ ಯಾರೋ ಲೊಚಗುಟ್ಟಿದ್ದು ಕೇಳಿಸಿತು. ಅತ್ತೆಯ ಪಾತ್ರದವಳು ಸರಕ್ಕೆ ಕೈ ಹಾಕಿದಳು, ಜಗಳ ಹತ್ತಿತು. ಅಷ್ಟರಲ್ಲಿ ಹಲಗೆ ಕಿರುಗುಟ್ಟಿತು. ಜಗಳ ನಿಂತಿತು. ಆ ಹೆಜ್ಜೆ ನನಗೆ ಗೊತ್ತು, ಗಿರಣಿಯಲ್ಲಿ ದಿನಾ ಕೇಳಿದ ಹೆಜ್ಜೆ. ಮೈಕಿನವನು ಮಾಮಾನಿಗೆ ಇಲ್ಲವೆನ್ನಲಾರದೆ ಅವನ ಹೆಸರು ಕೂಗಿಯೇಬಿಟ್ಟ. ಮೈಕು ಮಾಮಾನ ಕೈಗೆ ಹೋಯಿತು.

"ಏಳವ್ವಾ," ಎಂದ. ಧ್ವನಿಯಲ್ಲಿ ಹೆಮ್ಮೆ ತುಂಬಿ ಉಕ್ಕುತ್ತಿತ್ತು. "ನಾ, ನಿಮ್ಮ ಮಾಮಾ. ಏಳು."

ನಾನು ಏಳಲಿಲ್ಲ. ಎದ್ದರೆ ಜೊತೆಯವರು ಇಷ್ಟು ಹೊತ್ತು ಕಟ್ಟಿದ ಜಗಳವೆಲ್ಲ ಮಣ್ಣುಪಾಲು ಎಂದು ನನಗೆ ಗೊತ್ತಿತ್ತು. ಏಳದಿದ್ದರೆ ಏನು ಮಣ್ಣುಪಾಲಾಗುತ್ತದೆ ಎಂಬುದೂ ಗೊತ್ತಿತ್ತು. ಹೊಟ್ಟೆಯಲ್ಲಿ ಉಸಿರು ಹಿಡಿದೆ. ದೇವರೇ, ಇವನು ಇಳಿದುಹೋಗಲಿ, ಪರದೆ ಬಿದ್ದ ಮೇಲೆ ಓಡಿ ಹೋಗಿ ಕಾಲಿಗೆ ಬೀಳುತ್ತೇನೆ ಎಂದು ಒಳಗೇ ಬೇಡಿಕೊಂಡೆ. ಮಾಮಾ ಇಳಿಯಲಿಲ್ಲ, ನಿಂತೇ ಇದ್ದ. "ಖರೇನ ಸತ್ತಾಳೇನೋ!" ಎಂದು ಯಾರೋ ಕೂಗಿದರು, ಮೈದಾನವೆಲ್ಲ ಘೊಳ್ಳೆಂದು ನಕ್ಕಿತು. ಮಾಮಾ ಸೀರೆಯನ್ನು ನನ್ನ ಹತ್ತಿರ ಇಡಲು ಬಗ್ಗಿದ್ದು ಗೊತ್ತಾಯಿತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ ಮುದುಕಿ ಚೀರಿದಳು: "ಏ, ಮಲಗಿದಾಕಿ ಮ್ಯಾಲ ಇಡಬ್ಯಾಡೋ ಯಪ್ಪಾ! ತವರವ್ರು ಹೆಣಕ್ಕ ಸೀರಿ ಹೊದಿಸಿದಂಗ ಆಕ್ಕೈತಿ!"

ನಗೆ ನಿಂತುಹೋಯಿತು. ಹಲಗೆ ಮತ್ತೆ ಕಿರುಗುಟ್ಟಿತು. ಮಾಮಾ ಸೀರೆ ಹಿಡಿದುಕೊಂಡೇ ಇಳಿದುಹೋದ.

ಪರದೆ ಬಿದ್ದಾಗ ಅಕ್ಕೋರು ಓಡಿಬಂದು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. "ಇವತ್ತ ಕಲತಿ ನೋಡು ನೀ" ಎಂದರು. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅವರು ಸಮಾಧಾನ ಮಾಡಲಿಲ್ಲ. "ನನ್ನ ತವರವ್ರು ನನ್ನ ಮುಖಾ ನೋಡೂದು ಬಿಟ್ಟ ಮ್ಯಾಲ ನಾ ಇದನ್ನ ಕಲತೆ" ಎಂದಷ್ಟೇ ಹೇಳಿದರು. ಆ ಮಾತು ಕೇಳಿದ್ದೇ ತಡ, ಬಣ್ಣದ ಮುಖದಲ್ಲೇ ಹೊರಗೆ ಓಡಿದೆ. ಮಾಮಾ ಮೈದಾನದಲ್ಲಿ ಇರಲಿಲ್ಲ.

ಮರುದಿನ ಮುಂಜಾನೆ ಅವ್ವ, ನಾನು ಅವನ ಮನೆಗೆ ಹೋದೆವು. ದೊಡ್ಡಪ್ಪ ನಮಗಿಂತ ಮೊದಲೇ ಹೋಗಿ ಕುಳಿತಿದ್ದ. ಅತ್ತಿ, ಅಂದರೆ ಮಾಮಾನ ಹೆಂಡತಿ, ಎಲ್ಲರಿಗೂ ಚಹಾ ಕೊಟ್ಟಳು. ಮಾಮಾ ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು, ನಾಲ್ಕು ಏಟು ಹಾಕಿದ್ದರೂ ತಿನ್ನುತ್ತಿದ್ದೆ. ಕಾಲು ಮುಟ್ಟಿದೆ. "ಇರಲೇಳವ್ವ" ಎಂದ, ಬೇರೆ ಯಾರದೋ ಮನೆಯ ಮಗಳಿಗೆ ಹೇಳಿದ ಹಾಗೆ. ಆಯೇರಿಯ ನಿಯಮ, ಮೈಕಿನಲ್ಲಿ ಹೇಳಿಸಿದ್ದು, ಎಲ್ಲವನ್ನೂ ಗಡಬಡಿಸಿ ಹೇಳಿದೆ. "ಹೌದನು" ಎಂದ. ಅಷ್ಟೇ.

ದೊಡ್ಡಪ್ಪ ಚಹಾದ ಬಸಿ ಕೆಳಗಿಟ್ಟು, "ಮತ್ತ ಬಾಗಲಕೋಟಿ ಮಾತು ಏನ್ ಮಾಡೂದ್ರಿ? ಜವಾಬ್ದಾರಿ ನಿಮ್ದು ಅಂದಿದ್ರಿ" ಎಂದ.

"ನಿಮ್ಮ ಮನಿ ಹುಡುಗಿ," ಎಂದ ಮಾಮಾ. "ನೀವು ಹೆಂಗಂತೀರಿ ಹಂಗ."

"ಆತು ಬಿಡ್ರಿ ಹಂಗಾರ" ಎಂದು ದೊಡ್ಡಪ್ಪ ಎದ್ದ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನ್ನ ಇಡೀ ಬಾಳು ಒಂದು ಬಸಿ ಚಹಾ ಆರುವುದರೊಳಗೆ ತೀರ್ಮಾನವಾಗುತ್ತಿತ್ತು.

"ಮಾಮಾ," ಎಂದೆ, "ಒಂದ ಮಾತು ಹೇಳು. ನೀ ಹೇಳಿದ್ರ ಯಾರೂ ತಗದ ಹಾಕೂದಿಲ್ಲ."

ಅವನು ನನ್ನ ಕಡೆ ನೋಡಿದ. ಕಣ್ಣಲ್ಲಿ ಸಿಟ್ಟು ಇರಲಿಲ್ಲ, ದಣಿವಿತ್ತು.

"ಹೇಳಾಕಂತನ ಬಂದಿದ್ನಲ್ಲವ್ವ ನಿನ್ನಿ," ಎಂದ. "ಬಾಗಲಕೋಟಿಗೆ ಕಳಸ್ತೀನಿ ಅಂತ ಇಡೀ ಊರ ಮುಂದ ಹೇಳ್ಬೇಕಂತ ಮೈಕ್ ಹಿಡಕೊಂಡ ನಿಂತಿದ್ನಿ. ಈಗ ಏಳ್ತಾಳ, ಈಗ ಏಳ್ತಾಳ ಅಂತ ಕಾದ್ನಿ."