ಅಗಸ್ತ್ಯನ ಕೆಳಗಿನ ಮಸುಕು

ಮೊನ್ನೆ ಭುಜನೋವಿಗೆಂದು ತೆಗೆಸಿದ ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಥಟ್ಟನೆ ಮಂಗಳೂರಿನ ಬಿಜೈಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಫಿಸಿಕ್ಸ್ ಮಾಸ್ಟ್ರು ನೆನಪಾದರು. ಇದೇ ಕಿರಣ ಆಕಾಶದಿಂದಲೂ ಬರುತ್ತದೆ ಎಂದು ನನಗೆ ಮೊದಲು ಹೇಳಿದವರು ಅವರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಅವರದೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಒಂದು ದಿನ ಲೈಬ್ರರಿಯ ವಿಜ್ಞಾನ ಪತ್ರಿಕೆ ಹಿಡಿದುಕೊಂಡು ನಮ್ಮ ಜಗಲಿಗೇ ಬಂದುಬಿಟ್ಟರು. ನಮ್ಮದಲ್ಲದ ಬೇರೊಂದು ಗ್ಯಾಲಕ್ಸಿಯಲ್ಲಿ ಕಪ್ಪುರಂಧ್ರ ಇರಬಹುದಂತೆ! ಅಲ್ಲಿಂದ ಬರುವ ಎಕ್ಸ್‌ರೇ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಪಕ್ಕದ ನಕ್ಷತ್ರವೊಂದು ಕಣ್ಣಿಗೆ ಕಾಣದ ಯಾವುದನ್ನೋ ಸುತ್ತುತ್ತಿದೆ.

"ಹುಡುಗಿಯರಿಬ್ಬರು ಕೈ ಹಿಡಿದು ಗಿರಗಿರ ತಿರುಗುವುದಿಲ್ವಾ? ಒಬ್ಬಳು ಕತ್ತಲೆಯಲ್ಲಿದ್ದರೆ ಎಂತ ಮಾಡ್ತಿ? ಇನ್ನೊಬ್ಬಳನ್ನು ನೋಡಿ, ಅಲ್ಲಿ ಜನ ಉಂಟು ಅಂತ ಹೇಳುದು ಮಾರಾಯ್ತಿ!" ಎಂದರು.

ಆ ಗ್ಯಾಲಕ್ಸಿ ಬರಿಗಣ್ಣಿಗೆ ಕಾಣುವಂಥದ್ದು. ಮಂಗಳೂರಿನಲ್ಲಿ ದಕ್ಷಿಣದ ಅಂಚಿನಿಂದ ತುಸುವೇ ಮೇಲೇಳುತ್ತದೆ. ಅದನ್ನೊಮ್ಮೆ ನೋಡಲೇಬೇಕೆಂಬ ಹಠ ಅವರಿಗೆ. ಅವಸರವೂ ಇತ್ತು... ಸಕ್ಕರೆ ಕಾಯಿಲೆ ಕಣ್ಣನ್ನು ತಿನ್ನುತ್ತಿತ್ತು. ಬರುವ ವರ್ಷದ ಹೊತ್ತಿಗೆ ದೃಷ್ಟಿ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಫೆಬ್ರವರಿಯ ಒಂದು ಸಂಜೆ, ಅಪ್ಪನ ಕಾರಿನಲ್ಲಿ ಮೂವರೂ ಬಜಪೆಯ ಗುಡ್ಡಕ್ಕೆ ಹೋದೆವು. ಮಾಸ್ಟ್ರು ಪುರೋಹಿತರ ಮನೆಯವರು. ಅವರ ತಂದೆ ಪ್ರತಿ ವರ್ಷ ಅಗಸ್ತ್ಯ ನಕ್ಷತ್ರಕ್ಕೆ ಅರ್ಘ್ಯ ಬಿಡುತ್ತಿದ್ದರಂತೆ. ಅದನ್ನು ನೋಡುತ್ತ ಬೆಳೆದವರಿಗೆ ಆಕಾಶದಲ್ಲಿ ಗೊತ್ತಿದ್ದ ದಾರಿ ಅದೇ.

"ಮೊದಲು ಅಗಸ್ತ್ಯನನ್ನು ಹಿಡಿ. ಅಲ್ಲಿಂದ ಕೆಳಗೆ, ಸ್ವಲ್ಪ ಬಲಕ್ಕೆ. ಎಂತ ಉಂಟು?"

ಒದ್ದೆ ಬೆರಳು ಒರಸಿದಂಥ ಒಂದು ಮಸುಕು. ಒಂದೂವರೆ ಲಕ್ಷ ವರ್ಷದ ಹಿಂದೆ ಹೊರಟ ಬೆಳಕು ಅದು! ಅಬ್ಬಾ... ನನಗೆ ಅಳುವೇ ಬಂದುಬಿಟ್ಟಿತು.

"ಉಂಟು ಮಾಸ್ಟ್ರೇ, ಉಂಟು!"

ಅವರಿಗೆ ಕಾಣಲಿಲ್ಲ. ಕನ್ನಡಕ ಒರಸಿಕೊಂಡರು, ಕುತ್ತಿಗೆ ಓರೆ ಮಾಡಿದರು... ಅಗಸ್ತ್ಯನೂ ಕಾಣಲಿಲ್ಲ. ಅಪ್ಪನಿಗೆ ಸಂಕಟವಾಗಿ, "ನಾಳೆ ಪುನಃ ಬರುವ" ಎಂದರು.

"ಬೇಡ ಮಾರಾಯ್ರೇ," ಎಂದು ಮಾಸ್ಟ್ರು ನಕ್ಕರು. "ಇವಳ ಸ್ವರ ನಡುಗಿದ್ದು ಕೇಳಿತಲ್ಲ. ಉಂಟು, ಖಂಡಿತ ಉಂಟು."

ಅವರು ಹೋಗಿ ಎಷ್ಟೋ ವರ್ಷವಾಯಿತು. ಈಗ ಬಜಪೆಯ ಸುತ್ತ ದೀಪಗಳೇ ದೀಪಗಳು. ಆ ಮಸುಕು ನನಗೂ ಕಾಣುವುದಿಲ್ಲ. ಕಂಡರೂ ಯಾರನ್ನು ಕೂಗಿ ಹೇಳಲಿ? ಉಂಟು ಎಂದರೆ ಅಷ್ಟಕ್ಕೇ ನಂಬುವವರು ನನಗೆ ಮತ್ತೆ ಸಿಗಲೇ ಇಲ್ಲ.